ಗ್ರಾಚ್ಯುಟಿ ಪಡೆಯುವುದೋ, ಕೊಡುವುದೋ? ಹಡಗು ಹತ್ತುವವರ ಪ್ರಶ್ನೆಗಳು

ರಜೆಯ ಕಾಲ ಹತ್ತಿರವಾದಂತೆ ಕ್ರೂಸ್ ಪ್ರಯಾಣದ ಕುರಿತ ಪತ್ರಗಳು ಹೆಚ್ಚಾಗಿ ಬರುತ್ತವೆ. ಈ ಸಲ ಬಂದವುಗಳಲ್ಲಿ ಆರು ಪತ್ರಗಳು ಒಂದಲ್ಲ ಒಂದು ರೀತಿಯಲ್ಲಿ ಟಿಪ್ಸ್ ವಿಚಾರಕ್ಕೇ ಸಂಬಂಧಿಸಿದವು. ಆದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಹದಿಮೂರು ವರ್ಷ ಪ್ರವಾಸಿ ಹಡಗುಗಳ ಭೋಜನಶಾಲೆಯಲ್ಲಿ ದುಡಿದು ಈಗ ಸುರತ್ಕಲ್‌ನಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ಸಿಂಗಾಪುರದಲ್ಲಿರುವ ಮಗಳು ಮತ್ತು ಅಳಿಯ ನಮ್ಮಿಬ್ಬರನ್ನೂ ಸೇರಿಸಿ ನಾಲ್ಕು ರಾತ್ರಿಯ ಕ್ರೂಸ್‌ಗೆ ಟಿಕೆಟ್ ಮಾಡಿಸಿದ್ದಾರೆ. ಟಿಕೆಟ್ಟಿನ ಹಣವನ್ನೆಲ್ಲ ಕಟ್ಟಿಯಾದ ಮೇಲೆ ‘ಗ್ರಾಚ್ಯುಟಿ’ ಎಂಬ ಹೆಸರಿನಲ್ಲಿ ದಿನಕ್ಕೆ ತಲಾ ಇಷ್ಟು ಡಾಲರ್ ಎಂದು ಬೇರೆಯೇ ಲೆಕ್ಕ ಬಂದಿದೆ. ನನಗೆ ತಿಳಿದಿರುವ ಗ್ರಾಚ್ಯುಟಿಯೆಂದರೆ ನಿವೃತ್ತಿಯ ದಿನ ಬ್ಯಾಂಕು ನನಗೆ ಕೊಟ್ಟದ್ದು. ಇದು ಯಾವುದು? ಇದನ್ನು ಕೊಟ್ಟ ಮೇಲೂ ಬಡಿಸುವವರ ಕೈಗೆ ಪುನಃ ಕೊಡಬೇಕೇ? ಕೊಡುವುದಾದರೆ ಯಾರಿಗೆ, ಎಷ್ಟು, ಯಾವಾಗ?
— ಓದುಗರು, ಉಡುಪಿ

ಉತ್ತರ: ಶಬ್ದದ ಗೊಂದಲವನ್ನು ಮೊದಲು ಬಿಡಿಸೋಣ. ನಿಮಗೆ ಸಿಕ್ಕಿದ್ದು ಸೇವೆಯ ವರ್ಷಗಳನ್ನು ಲೆಕ್ಕ ಹಾಕಿ ಮಾಲಿಕರು ನೌಕರರಿಗೆ ಕೊಡಬೇಕಾದ ಹಣ; ನಮ್ಮ ದೇಶದಲ್ಲಿ ಅದಕ್ಕೆ 1972ರಿಂದಲೂ ಕಾನೂನೇ ಇದೆ. ಹಡಗಿನ ಗ್ರಾಚ್ಯುಟಿ ಎಂದರೆ ಸೇವೆ ಮಾಡಿದ ಸಿಬ್ಬಂದಿಗೆ ಪ್ರಯಾಣಿಕರು ಕೊಡುವ ಭಕ್ಷೀಸು. ಇಂಗ್ಲಿಷಿನಲ್ಲಿ ಆ ಪದಕ್ಕೆ ಇರುವ ಹಳೆಯ ಅರ್ಥ ಇದೇ. ಆದರೆ ಮೆಚ್ಚಿ ಕೊಡುವ ಹಣಕ್ಕೆ ದಿನದ ದರ ಕಟ್ಟಿ ಮುಂಚಿತವಾಗಿ ರಸೀದಿ ಕಳುಹಿಸುವುದು ಹೇಗೆ ಎಂಬ ನಿಮ್ಮ ಅಚ್ಚರಿ ನ್ಯಾಯವಾದದ್ದೇ. ಅದರ ಹಿಂದೆ ಒಂದು ಕಥೆ ಇದೆ.

ನಾನು ಹಡಗು ಹತ್ತಿದ್ದು 1990ರ ದಶಕದಲ್ಲಿ. ಆಗ ಪ್ರತಿಯೊಂದು ಕುಟುಂಬಕ್ಕೂ ಪ್ರಯಾಣ ಮುಗಿಯುವ ತನಕ ಒಂದೇ ಮೇಜು, ಒಂದೇ ಹೊತ್ತು, ಬಡಿಸುವುದಕ್ಕೆ ಅದೇ ಇಬ್ಬರು. ಕೊನೆಯ ದಿನ ಕೋಣೆಯಲ್ಲಿ ಬಿಳಿ ಲಕೋಟೆಗಳನ್ನು ಇಟ್ಟಿರುತ್ತಿದ್ದರು: ಒಂದು ಕೋಣೆ ನೋಡಿಕೊಳ್ಳುವವನಿಗೆ, ಒಂದು ಬಡಿಸುವವನಿಗೆ, ಒಂದು ಅವನ ಸಹಾಯಕನಿಗೆ, ಒಂದು ಹೆಡ್ ವೇಟರ್‌ಗೆ. ಆ ಲಕೋಟೆಗಳು ನಮಗೆ ಮೇಲಿನ ಸಂಪಾದನೆಯಾಗಿರಲಿಲ್ಲ, ಅವೇ ಸಂಪಾದನೆಯಾಗಿದ್ದವು. ನನ್ನ ಕಾಂಟ್ರಾಕ್ಟಿನಲ್ಲಿ ಬರೆದಿದ್ದ ಮೂಲ ವೇತನ ತಿಂಗಳಿಗೆ 50 ಡಾಲರ್. ಊರಿಗೆ ಕಳುಹಿಸಿದ ಪ್ರತಿಯೊಂದು ರೂಪಾಯಿಯೂ ಲಕೋಟೆಯಿಂದಲೇ ಬಂದದ್ದು. ಹೀಗಿರುವಾಗ ಕೊನೆಯ ರಾತ್ರಿ ಮೇಜು ಖಾಲಿ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಆರು ರಾತ್ರಿಯೂ ಮಕ್ಕಳಿಗೆ ಹಣ್ಣು ಹೆಚ್ಚಿಸಿಕೊಂಡು, ಅಜ್ಜಿಗೆ ಮೆತ್ತಗೆ ಬೇಯಿಸಿದ ಅನ್ನ ತರಿಸಿಕೊಂಡು ನಗುನಗುತ್ತ ಊಟ ಮಾಡಿದ ಎಂಟು ಜನರ ಕುಟುಂಬವೊಂದು ಏಳನೆಯ ರಾತ್ರಿ ನಮ್ಮ ಕಡೆ ತಲೆ ಹಾಕಲೇ ಇಲ್ಲ. ಮೇಲಿನ ಅಂತಸ್ತಿನ ಬುಫೆಯಲ್ಲಿ ಉಂಡು ಮಲಗಿದರೆಂದು ಆಮೇಲೆ ತಿಳಿಯಿತು. ಇಂತಹವರು ಪ್ರತಿ ಪ್ರಯಾಣದಲ್ಲೂ ಇರುತ್ತಿದ್ದರು, ಎಲ್ಲ ದೇಶದವರೂ ಇರುತ್ತಿದ್ದರು.

ಆಮೇಲೆ ಎರಡು ಬದಲಾವಣೆಗಳಾದವು. ಹಡಗಿನೊಳಗೆ ನಗದು ಹೋಗಿ ಕಾರ್ಡು ಬಂತು. ಜೊತೆಗೆ, ಬೇಕಾದ ಹೊತ್ತಿಗೆ ಬೇಕಾದ ಕಡೆ ಊಟ ಮಾಡುವ ಪದ್ಧತಿಯನ್ನು 2000ನೆಯ ಇಸವಿಯಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಕಂಪೆನಿ ಆರಂಭಿಸಿದ ಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ಪ್ರತಿ ರಾತ್ರಿ ಬೇರೆ ಬೇರೆ ಮೇಜಿನಲ್ಲಿ ಬೇರೆ ಬೇರೆಯವರು ಬಡಿಸುವಾಗ ಲಕೋಟೆಯನ್ನು ಯಾರ ಕೈಗೆ ಕೊಡುವುದು? ಹಾಗಾಗಿ ದಿನಕ್ಕೆ ತಲಾ ಇಷ್ಟು ಎಂದು ನಿಗದಿ ಮಾಡಿ ಪ್ರಯಾಣಿಕರ ಖಾತೆಗೆ ತಾನಾಗಿ ಸೇರಿಸುವ ಕ್ರಮ ಬಂತು. ಈಚಿನ ವರ್ಷಗಳಲ್ಲಿ ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೇಜಿಯನ್ ಮುಂತಾದ ದೊಡ್ಡ ಕಂಪೆನಿಗಳಲ್ಲಿ ಸಾಮಾನ್ಯ ಕೋಣೆಯವರಿಗೆ ಇದು 16ರಿಂದ 20 ಡಾಲರುಗಳವರೆಗೆ ಇದೆ. ಸೂಟ್ ಎಂಬ ದೊಡ್ಡ ಕೋಣೆ ಹಿಡಿದವರಿಗೆ ಇನ್ನೂ ಹೆಚ್ಚು. ದಿನಕ್ಕೆ 18 ಡಾಲರ್ ಎಂದಿಟ್ಟುಕೊಂಡರೆ ನಿಮ್ಮ ನಾಲ್ವರಿಗೆ ನಾಲ್ಕು ರಾತ್ರಿಗೆ 288 ಡಾಲರ್, ಡಾಲರಿಗೆ 85 ರೂಪಾಯಿಯಂತೆ 24,480 ರೂಪಾಯಿ. ಮಕ್ಕಳಿಗೂ ಸಾಮಾನ್ಯವಾಗಿ ದೊಡ್ಡವರಷ್ಟೇ ದರ; ಎರಡು ವರ್ಷದೊಳಗಿನ ಕೂಸಿಗೆ ಹಲವು ಕಡೆ ವಿನಾಯಿತಿ ಇದೆ. ಟಿಕೆಟ್ಟಿನ ಜೊತೆಗೇ ಕಟ್ಟಿದ್ದರೆ ಹಡಗಿನಲ್ಲಿ ಪುನಃ ಹಾಕಬಾರದು. ಆದುದರಿಂದ ಮಗಳು ಕಟ್ಟಿದ ರಸೀದಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು, ಎರಡನೆಯ ದಿನ ಖಾತೆಯ ವಿವರವನ್ನು ಒಮ್ಮೆ ನೋಡಿರಿ. ಬ್ಯಾಂಕಿನಲ್ಲಿದ್ದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈ ಹಣ ನೀವು ಮುಖ ನೋಡುವವರಿಗೆ ಮಾತ್ರ ಹೋಗುವುದಲ್ಲ. ಕೋಣೆಯವರು, ಬಡಿಸುವವರು, ಅವರ ಸಹಾಯಕರು ಅಲ್ಲದೆ ಬುಫೆಯ ತಟ್ಟೆ ಎತ್ತುವವರು, ನೀರಿನ ಮಟ್ಟದ ಕೆಳಗೆ ಬಟ್ಟೆ ಒಗೆಯುವವರು, ಪಾತ್ರೆ ತೊಳೆಯುವವರು ಮುಂತಾದವರಿಗೂ ಕಂಪೆನಿಯ ನಿಯಮದಂತೆ ಪಾಲಾಗುತ್ತದೆ. ಹಾಗಾಗಿ ಇದನ್ನು ಭಕ್ಷೀಸು ಎನ್ನುವುದಕ್ಕಿಂತ, ಟಿಕೆಟ್ಟಿನ ಬೆಲೆ ಅಗ್ಗವಾಗಿ ಕಾಣಲೆಂದು ಪಕ್ಕದ ಕಾಲಮ್ಮಿಗೆ ಸರಿಸಿಟ್ಟ ಸಂಬಳದ ಭಾಗ ಎನ್ನುವುದು ಸರಿ. ಬ್ರಿಟನ್ನಿನ ಪಿ ಆಂಡ್ ಒ ಕ್ರೂಸಸ್ 2019ರಲ್ಲಿ ಈ ದಿನದ ಲೆಕ್ಕವನ್ನೇ ಕೈಬಿಟ್ಟು ಟಿಕೆಟ್ಟಿನ ದರದೊಳಗೆ ಸೇರಿಸಿತು. ಸಿಲ್ವರ್‌ಸೀ, ರೀಜೆಂಟ್ ಮುಂತಾದ ದುಬಾರಿ ಕಂಪೆನಿಗಳಲ್ಲಿಯೂ ಬೇರೆ ಲೆಕ್ಕ ಇಲ್ಲ. ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಹಾಗೆಯೇ ಮಾಡಬೇಕಿತ್ತು.

ಇನ್ನು ಕೈಗೆ ಕೊಡುವ ವಿಚಾರ. ದಿನದ ಲೆಕ್ಕ ಕಟ್ಟಿದ ಮೇಲೆ ಯಾರಿಗೂ ಏನೂ ಕೊಡಬೇಕಾದ ಕಡ್ಡಾಯವಿಲ್ಲ. ಕೊಡದಿದ್ದರೆ ಯಾರೂ ಮುಖ ಸಿಂಡರಿಸುವುದೂ ಇಲ್ಲ. ಮನಸ್ಸಿದ್ದರೆ ನಾಲ್ಕು ರಾತ್ರಿಯ ಪ್ರಯಾಣಕ್ಕೆ ಕೋಣೆ ನೋಡಿಕೊಂಡವನಿಗೆ 10ರಿಂದ 20 ಡಾಲರ್, ಒಂದೇ ಮೇಜಿನಲ್ಲಿ ಊಟ ಮಾಡಿದ್ದರೆ ಬಡಿಸಿದ ಇಬ್ಬರಿಗೆ ಅಷ್ಟೇ ಮೊತ್ತ ಹಂಚಿಕೊಳ್ಳುವಂತೆ ಕೊಟ್ಟರೆ ಅದು ಧಾರಾಳವೇ. ನಮ್ಮವರು ಮರೆಯುವುದು ಹೆಡ್ ವೇಟರನ್ನು. ನಿಮ್ಮ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಳಸದ ಪದ್ಧತಿ ಇದ್ದರೆ ಅದನ್ನು ಟಿಕೆಟ್ ಮಾಡಿಸುವಾಗಲೇ ತಿಳಿಸಿ, ಮೊದಲ ರಾತ್ರಿಯೇ ಈ ಹೆಡ್ ವೇಟರನ್ನು ಕಂಡು ಮಾತನಾಡಬೇಕು. ಅವನು ಮುಂದಿನ ರಾತ್ರಿಗೆ ಏನು ಬೇಕೆಂದು ಹಿಂದಿನ ಸಂಜೆಯೇ ಕೇಳಿ ಬರೆದುಕೊಂಡು, ಅಡುಗೆಮನೆಯಲ್ಲಿರುವ ಭಾರತೀಯ ಅಡುಗೆಯವರಿಗೆ ಹೇಳಿ, ಬೇರೆ ಬಾಣಲೆಯಲ್ಲಿ ಮಾಡಿಸಿ ತರಿಸುತ್ತಾನೆ. ಸಾವಿರಾರು ಜನರಿಗೆ ಅಡುಗೆಯಾಗುವ ಜಾಗದಲ್ಲಿ ನಾಲ್ಕು ಜನರಿಗೆ ಬೇರೆ ಸಾರು ಮಾಡಿಸುವುದು ಎಷ್ಟು ಕಷ್ಟವೆಂದು ಅಷ್ಟಮಠದ ಊರಿನವರಿಗೆ ಬಿಡಿಸಿ ಹೇಳಬೇಕೇ? ಇಂತಹ ಉಪಕಾರ ಪಡೆದಿದ್ದರೆ ಕೈಯಿಂದ ಕೊಡುವ ಹಣದಲ್ಲಿ ಮೊದಲ ಪಾಲು ಅವನಿಗೆ ಸಲ್ಲಬೇಕು.

ಕೊಡುವ ಹೊತ್ತು ಕೊನೆಯ ಸಂಜೆ, ಇಳಿಯುವ ಬೆಳಿಗ್ಗೆ ಅಲ್ಲ. ಇಳಿಯುವ ದಿನ ಕೋಣೆಯವನಿಗೆ ಉಸಿರಾಡುವುದಕ್ಕೂ ಪುರುಸೊತ್ತು ಇರುವುದಿಲ್ಲ. ನೀವು ಇಳಿದ ಕೆಲವೇ ಗಂಟೆಗಳಲ್ಲಿ ಅದೇ ಕೋಣೆಗಳಿಗೆ ಹೊಸ ಪ್ರಯಾಣಿಕರು ಹತ್ತುತ್ತಾರೆ. ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ರಾತ್ರಿ ಬಾಗಿಲ ಹೊರಗೆ ಇಡುವ ಸಮಯದಲ್ಲೇ ಅವನನ್ನು ಕಂಡು ಕೊಡಿ. ಮೊದಲ ದಿನವೇ ನೋಟು ತೋರಿಸಿದರೆ ಸೇವೆ ಚೆನ್ನಾಗಿ ಸಿಗುತ್ತದೆ ಎಂಬ ಸಲಹೆಯನ್ನು ಹಲವರು ಕೊಡುತ್ತಾರೆ. ನನಗೆ ಅದು ಭಕ್ಷೀಸಿಗಿಂತ ಹೆಚ್ಚಾಗಿ, ಕಚೇರಿಯ ಕಡತದೊಳಗೆ ಇಟ್ಟು ಕೊಡುವ ನೋಟಿನಂತೆ ಕಾಣುತ್ತದೆ.

ಎರಡು ಎಚ್ಚರಿಕೆಗಳಿವೆ. ಬಾರಿನಲ್ಲಿ ಕೊಂಡ ಪ್ರತಿಯೊಂದು ಪಾನೀಯಕ್ಕೂ, ಅದು ಬರೀ ಹಣ್ಣಿನ ರಸವಾಗಿದ್ದರೂ, ಸಾಮಾನ್ಯವಾಗಿ 18ರಿಂದ 20 ಶೇಕಡಾ ಟಿಪ್ಸನ್ನು ಮೊದಲೇ ಸೇರಿಸಿರುತ್ತಾರೆ, ಸ್ಪಾದಲ್ಲಿಯೂ ಹಾಗೆಯೇ. ಸಹಿ ಮಾಡುವ ಚೀಟಿಯಲ್ಲಿ ಅದರ ಕೆಳಗೆ ಇನ್ನೊಂದು ಖಾಲಿ ಗೆರೆ ಇರುತ್ತದೆ. ಅದು ಹೆಚ್ಚಿಗೆ ಕೊಡುವವರಿಗಾಗಿ ಇರುವುದು. ಅಲ್ಲಿ ಅಡ್ಡಗೆರೆ ಎಳೆದು ಸಹಿ ಮಾಡಿದರೆ ಅವಮಾನವೇನೂ ಇಲ್ಲ. ಎರಡನೆಯದಾಗಿ, ಕ್ಯಾಪ್ಟನ್, ಅಧಿಕಾರಿಗಳು, ಎಂಜಿನಿಯರುಗಳು, ಹಡಗಿನ ವೈದ್ಯರು ಇವರಿಗೆ ಹಣ ಚಾಚಬಾರದು. ಭುಜದ ಮೇಲೆ ಪಟ್ಟಿ ಇದ್ದವರಿಗೆ ಕೃತಜ್ಞತೆಯ ಮಾತು ಸಾಕು. ನಮ್ಮ ಹಡಗಿನಲ್ಲಿ ಒಬ್ಬ ಯಜಮಾನರು ಫೋಟೊ ತೆಗೆಸಿಕೊಂಡ ಸಂತೋಷದಲ್ಲಿ ಕ್ಯಾಪ್ಟನ್ನರ ಜೇಬಿಗೆ ಹತ್ತು ಡಾಲರ್ ತುರುಕಲು ಹೋಗಿ, ಇಬ್ಬರೂ ಕೆಂಪಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಡದಲ್ಲಿ ಊರು ತೋರಿಸುವ ಗೈಡು ಮತ್ತು ಬಸ್ಸಿನ ಚಾಲಕರು ಹಡಗಿನವರಲ್ಲ. ಅವರಿಗೆ ಕೊಡುವುದು ಈ ಲೆಕ್ಕದ ಹೊರಗಿನದು.

ಪ್ರಶ್ನೆ: ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಕಡ್ಡಾಯ ಮಾಡುವಂತಿಲ್ಲ ಎಂದು ನಮ್ಮ ದೇಶದಲ್ಲಿ ಕೋರ್ಟೇ ಹೇಳಿದೆ. ಹಾಗಿರುವಾಗ ಹಡಗಿನವರು ದಿನದ ಟಿಪ್ಸ್ ಹಾಕುವುದು ಹೇಗೆ? ಅದನ್ನು ತೆಗೆಸಿ, ನಮಗೆ ಒಳ್ಳೆಯ ಸೇವೆ ಕೊಟ್ಟವರ ಕೈಗೇ ನೇರವಾಗಿ ಕೊಡುವುದು ಹೆಚ್ಚು ನ್ಯಾಯವಲ್ಲವೇ?
— ಓದುಗರು, ಬಿಜೈ, ಮಂಗಳೂರು

ಉತ್ತರ: ನೀವು ಹೇಳಿದ ಕಾನೂನು ನಿಜ. ಹೋಟೆಲು, ರೆಸ್ಟೋರೆಂಟುಗಳು ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಆದರೆ ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ದೇಶಗಳ ಧ್ವಜ ಹೊತ್ತು ಸಿಂಗಾಪುರದಿಂದಲೋ ಮಯಾಮಿಯಿಂದಲೋ ಹೊರಡುವ ಹಡಗಿನ ಮೇಲೆ ಈ ಮಾರ್ಗಸೂಚಿ ನಡೆಯುವುದಿಲ್ಲ. ಅಲ್ಲಿ ನೀವು ಟಿಕೆಟ್ ಕೊಳ್ಳುವಾಗ ಒಪ್ಪಿಕೊಂಡ ಷರತ್ತುಗಳೇ ಆಧಾರ.

ಆ ಷರತ್ತುಗಳು ಒಂದೊಂದು ಕಂಪೆನಿಯಲ್ಲಿ ಒಂದೊಂದು ತೆರ. ಕೆಲವು ಕಡೆ ಅತಿಥಿ ಸೇವೆಯ ಕೌಂಟರಿನಲ್ಲಿ ಕೇಳಿದರೆ ಕಡಿಮೆ ಮಾಡುತ್ತಾರೆ, ಪೂರ್ತಿ ತೆಗೆಯುವುದೂ ಉಂಟು. ಕೆಲವು ಕಡೆ ಪ್ರಯಾಣ ಮುಗಿದ ಮೇಲೆ ಲಿಖಿತವಾಗಿ ಕೇಳಬೇಕು. ಇನ್ನು ಕೆಲವು ಯುರೋಪಿಯನ್ ಕಂಪೆನಿಗಳು ಅದನ್ನು ಹೋಟೆಲ್ ಸೇವಾ ಶುಲ್ಕವೆಂದು ಕರೆದು ಮುಟ್ಟುವುದಕ್ಕೇ ಬಿಡುವುದಿಲ್ಲ.

ತೆಗೆಸಬಹುದೇ ಎಂಬುದು ಒಂದು ಪ್ರಶ್ನೆ, ತೆಗೆಸಬೇಕೇ ಎಂಬುದು ಬೇರೆ. ತೆಗೆಸಿ ಕೈಗೆ ಕೊಡುತ್ತೇನೆ ಎನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ತೆಗೆಸಿದಷ್ಟನ್ನೇ ಕೈಗೆ ಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದು. ಪ್ರಾಮಾಣಿಕವಾಗಿ ಕೊಟ್ಟರೂ ನಿಮ್ಮ ಹಾಸಿಗೆಯ ಹೊದಿಕೆ ಒಗೆದವನಿಗೆ, ತಟ್ಟೆ ತೊಳೆದವನಿಗೆ ಅದು ತಲುಪುವುದಿಲ್ಲ, ಏಕೆಂದರೆ ನೀವು ಅವರನ್ನು ನೋಡಿಯೇ ಇರುವುದಿಲ್ಲ. ಹೊರಗಿನವರಿಗೆ ಸಾಮಾನ್ಯವಾಗಿ ತಿಳಿಯದ ಇನ್ನೊಂದು ನಿಯಮವೂ ಇದೆ: ದಿನದ ಲೆಕ್ಕವನ್ನು ತೆಗೆಸಿದ ಕೋಣೆಯವರಿಂದ ಕೈಗೆ ಬಂದ ನಗದನ್ನು ಸಿಬ್ಬಂದಿ ಸಾಮೂಹಿಕ ನಿಧಿಗೆ ಒಪ್ಪಿಸಬೇಕು ಎಂದು ಕೆಲವು ಕಂಪೆನಿಗಳಲ್ಲಿದೆ. ಅಂದರೆ ನಿಮಗೆ ಇಷ್ಟವಾದ ಹುಡುಗನ ಕೈಗೆ ನೀವು ಇಟ್ಟ ನೋಟು ಅವನದಾಗಿ ಉಳಿಯುವುದಿಲ್ಲ. ದಿನದ ಲೆಕ್ಕ ಕಟ್ಟಿ ಮೇಲೆ ಕೊಟ್ಟಿದ್ದರೆ ಉಳಿಯುತ್ತಿತ್ತು.

ಕಂಪೆನಿಗಳ ಪರವಾಗಿ ಮಾತನಾಡುವ ಹಂಗು ನನಗಿಲ್ಲ. ಸಂಬಳ ಕೊಡುವುದು ಮಾಲಿಕನ ಕೆಲಸ, ಅದನ್ನು ಅತಿಥಿಯ ಧರ್ಮಬುದ್ಧಿಗೆ ಬಿಡುವುದು ಸರಿಯಲ್ಲ. ಆದರೆ ಆ ಜಗಳವನ್ನು ಕಂಪೆನಿಗೆ ಪತ್ರ ಬರೆದು ಮಾಡಿ. ಪಾತ್ರೆ ತೊಳೆಯುವವನ ಪಾಲನ್ನು ಕತ್ತರಿಸಿ ಮಾಡಬೇಡಿ. ಸೇವೆ ನಿಜಕ್ಕೂ ಕೆಟ್ಟದಾಗಿದ್ದರೆ ಎರಡನೆಯ ದಿನವೇ ಹೆಡ್ ವೇಟರ್ ಅಥವಾ ಕೌಂಟರಿನವರಿಗೆ ತಿಳಿಸಿರಿ. ಆಗ ಸರಿಪಡಿಸುವುದಕ್ಕೆ ದಿನಗಳಿರುತ್ತವೆ. ಕೊನೆಯ ರಾತ್ರಿ ಕೌಂಟರಿನ ಮುಂದೆ ಉದ್ದದ ಸಾಲಿನಲ್ಲಿ ನಿಂತು ದೂರು ಹೇಳುವವರ ಉದ್ದೇಶವೇನೆಂದು ಅಲ್ಲಿ ಕುಳಿತವರಿಗೆ ತಿಳಿಯದೇ ಇರುವುದಿಲ್ಲ.

ಪ್ರಶ್ನೆ: ಕಳೆದ ವರ್ಷ ನಾವು ಹೋದ ಹಡಗಿನಲ್ಲಿ ನಮಗೆ ಬಡಿಸಿದ ಹುಡುಗ ಕುಂದಾಪುರದ ಕಡೆಯವನು. ಎರಡು ದಿನಗಳಲ್ಲಿ ಮನೆಯ ಹುಡುಗನಂತೆಯೇ ಆಗಿಬಿಟ್ಟ. ಹಾಗಾಗಿ ಕೊನೆಯ ದಿನ ಅವನಿಗೆ ಹಣ ಕೊಡಲು ನಮಗೆ ತುಂಬ ಸಂಕೋಚವಾಯಿತು. ರಜೆಯಲ್ಲಿ ಬಂದಾಗ ಮನೆಗೆ ಊಟಕ್ಕೆ ಬಾ ಮಗಾ ಎಂದು ವಿಳಾಸ ಕೊಟ್ಟು ಬಂದೆವು. ಅವನು ಇನ್ನೂ ಬಂದಿಲ್ಲ. ನಾವು ಮಾಡಿದ್ದು ತಪ್ಪಾಯಿತೇ?
— ಓದುಗರು, ಸಾಲಿಗ್ರಾಮ

ಉತ್ತರ: ಸ್ವಲ್ಪ ತಪ್ಪಾಯಿತು. ಆದರೆ ನಿಮ್ಮ ಸಂಕೋಚ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಬೈಯುವ ಮನಸ್ಸಾಗುವುದಿಲ್ಲ.

ನನ್ನ ಮೇಜಿಗೆ ಒಮ್ಮೆ ಕಾರ್ಕಳದ ಕಡೆಯ ವಯಸ್ಸಾದ ದಂಪತಿ ಬಂದರು. ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿ ಅಮ್ಮ ಮೆಲ್ಲನೆ, ‘ಊರು ಓಲು?’ ಎಂದು ತುಳುವಿನಲ್ಲಿ ಕೇಳಿದರು. ಊರು ಹೇಳಿದ ಮೇಲೆ ಕೇಳಬೇಕೇ, ಮೂರನೆಯ ರಾತ್ರಿಯ ಹೊತ್ತಿಗೆ ನನ್ನ ಸೋದರಮಾವನ ಮನೆಯ ಬಾವಿಕಟ್ಟೆಯ ತನಕ ಸಂಬಂಧ ಹುಡುಕಿಯಾಗಿತ್ತು. ಅವರಿಗಾಗಿ ನಾನು ಅಡುಗೆಮನೆಯಲ್ಲಿ ಕಾಡಿ ಬೇಡಿ ಗಂಜಿ ಮಾಡಿಸಿ ತಂದೆ, ಸಿಬ್ಬಂದಿಯ ಊಟದ ಮನೆಯಿಂದ ಉಪ್ಪಿನಕಾಯಿ ತಂದುಕೊಟ್ಟೆ. ಅದನ್ನು ಹಣಕ್ಕಾಗಿ ಮಾಡಿದೆನೆಂದು ಯಾರಾದರೂ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಕೊನೆಯ ರಾತ್ರಿ ಅಮ್ಮ ತಲೆ ಸವರಿ, ಕಣ್ಣು ಒದ್ದೆ ಮಾಡಿಕೊಂಡು ಹೋದರು. ಲಕೋಟೆ ಇರಲಿಲ್ಲ. ಪಕ್ಕದ ಮೇಜಿನ, ನನ್ನ ಹೆಸರನ್ನು ಒಮ್ಮೆಯೂ ಸರಿಯಾಗಿ ಉಚ್ಚರಿಸದ ಪರದೇಶದವರು ಲಕೋಟೆಯನ್ನು ಕೈಗಿತ್ತು ಹೋದರು. ಆ ರಾತ್ರಿ ಇಬ್ಬರು ಮಲಗುವ ಸಣ್ಣ ಕೋಣೆಯಲ್ಲಿ ಮೇಲಿನ ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಎರಡನ್ನೂ ಯೋಚಿಸಿದೆ. ತಲೆ ಸವರಿದ ಕೈಯೂ ಬೇಕಿತ್ತು, ಲಕೋಟೆಯೂ ಬೇಕಿತ್ತು. ಒಂದನ್ನು ಕೊಟ್ಟರೆ ಇನ್ನೊಂದು ಕೆಡುತ್ತದೆ ಎಂದು ಅವರು ಯಾಕೆ ಭಾವಿಸಿದರೋ!

ಮನೆಯ ಮದುವೆಗೆ ಬಂದ ಅಡುಗೆ ಭಟ್ಟರನ್ನು ನೆನೆಯಿರಿ. ಅವರು ದೂರದ ನೆಂಟರೂ ಆಗಿರಬಹುದು. ಆದರೂ ಮಾತಾಡಿದ ಸಂಬಳವನ್ನು ಲೆಕ್ಕ ಹಾಕಿ ಕೊಡುತ್ತೇವೆ. ಅದರ ಮೇಲೆ ವೀಳ್ಯದೆಲೆ, ಅಡಿಕೆಯ ಜೊತೆಗೆ ಒಂದು ನೋಟನ್ನಿಟ್ಟು, ಪಾಯಸ ಚೆನ್ನಾಗಿತ್ತು ಭಟ್ರೇ ಎನ್ನುತ್ತೇವೆ. ಅವರು ನೆಂಟಸ್ತಿಕೆ ಹೋಯಿತೆಂದು ಬೇಸರಪಡುವುದಿಲ್ಲ. ಹಡಗಿನಲ್ಲಿ ದಿನದ ಲೆಕ್ಕ ಆ ಮಾತಾಡಿದ ಸಂಬಳ; ನೀವು ಕೈಗೆ ಕೊಡುವುದು ವೀಳ್ಯದ ಮೇಲಿನ ನೋಟು. ಅದನ್ನು ಕೊಡುವ ರೀತಿಯಲ್ಲಿ ಸಂಕೋಚ ತಾನಾಗಿ ಕರಗುತ್ತದೆ: ಒಂದು ಲಕೋಟೆಯೊಳಗೆ ಹಾಕಿ, ಮೇಲೆ ಅವನ ಹೆಸರು ಬರೆದು, ಒಳಗೆ ಎರಡು ಸಾಲು ಕನ್ನಡದಲ್ಲಿ ಬರೆದು, ಬೇರೆ ಅತಿಥಿಗಳ ಕಣ್ಣೆದುರಲ್ಲದೆ ಕೈಗೆ ಕೈ ಮುಟ್ಟಿಸಿ ಕೊಡಿ. ತಿಂಗಳುಗಟ್ಟಲೆ ಕನ್ನಡದ ಅಕ್ಷರ ಕಾಣದವನಿಗೆ ಆ ಎರಡು ಸಾಲು ಎಷ್ಟೆಂದು ನಾನು ಬಲ್ಲೆ.

ನಮ್ಮ ಊರಿನವನೇ ಸಿಕ್ಕಿದಾಗ ಮಾಡಬಾರದ ಕೆಲವು ವಿಷಯಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಂಬಳ ಎಷ್ಟು ಎಂದು ಕೇಳಬೇಡಿ. ನಮ್ಮವರ ಮೂರನೆಯ ಪ್ರಶ್ನೆ ಯಾವಾಗಲೂ ಅದೇ ಆಗಿರುತ್ತದೆ. ‘ಹ್ವಾಯ್’ ಎಂದು ಸಭಾಂಗಣದ ಆಚೆಯಿಂದ ಕೂಗಬೇಡಿ. ಅವನ ಕೈಯಲ್ಲಿ ಇನ್ನೂ ನಾಲ್ಕು ಮೇಜುಗಳಿರುವಾಗ ಊರಿನ ಸುದ್ದಿಗೆ ನಿಲ್ಲಿಸಿಕೊಂಡರೆ ಮೇಲಿನವರ ಕಣ್ಣು ಅವನ ಮೇಲೆ ಬೀಳುತ್ತದೆ. ಗುರುತಿದೆ ಎಂಬ ಕಾರಣಕ್ಕೆ ನಿಯಮದಲ್ಲಿಲ್ಲದ ಸವಲತ್ತನ್ನು ಕೇಳಿದರೆ ಇಲ್ಲವೆನ್ನಲೂ ಆಗದೆ ಮಾಡಲೂ ಆಗದೆ ಒದ್ದಾಡುತ್ತಾನೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದುದರಿಂದ ಚಕ್ಕುಲಿ, ಪತ್ರೊಡೆಯ ಆಸೆ ತೋರಿಸಿ ಸುಮ್ಮನಾಗಬೇಡಿ.

ಹಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಒಂದು ಉಡುಗೊರೆಯೂ ಇದೆ. ಪ್ರಯಾಣ ಮುಗಿದ ಮೇಲೆ ಕಂಪೆನಿಯವರು ಅಭಿಪ್ರಾಯ ಕೇಳಿ ಒಂದು ನಮೂನೆ ಕಳುಹಿಸುತ್ತಾರೆ. ಅದರಲ್ಲಿ ಅವನ ಹೆಸರನ್ನು, ಪಟ್ಟಿಯ ಮೇಲಿದ್ದ ಅಕ್ಷರಗಳಲ್ಲೇ ಬರೆದು, ಏನು ಮಾಡಿದನೆಂದು ಒಂದು ವಾಕ್ಯ ಸೇರಿಸಿದರೆ ಅದು ಅವನ ಕಡತಕ್ಕೆ ಹೋಗುತ್ತದೆ. ಸಹಾಯಕ ವೇಟರಿನಿಂದ ವೇಟರ್ ಆಗುವಾಗ, ಮುಂದಿನ ಕಾಂಟ್ರಾಕ್ಟಿನ ಮಾತು ಬರುವಾಗ ಇಂತಹ ವಾಕ್ಯಗಳಿಗೆ ಬೆಲೆಯಿದೆ. ನೀವು ಹೋಗಿ ಬಂದು ವರ್ಷವಾಗಿರುವುದರಿಂದ ಆ ನಮೂನೆಯ ಕಾಲ ಮುಗಿದಿದೆ, ಆದರೆ ಕಂಪೆನಿಗೆ ಇಮೇಲ್ ಬರೆಯಲು ಈಗಲೂ ಅಡ್ಡಿಯಿಲ್ಲ. ಅವನು ಊಟಕ್ಕೆ ಬಾರದಿರುವುದಕ್ಕೆ ಬೇರೆ ಅರ್ಥ ಹುಡುಕಬೇಡಿ. ಎಂಟು ತಿಂಗಳು ದುಡಿದು ಎರಡು ತಿಂಗಳ ರಜೆಯಲ್ಲಿ ಬಂದವನಿಗೆ ಮನೆಯ ಹೆಂಚು ಹೊದೆಸುವುದು, ಹೆಣ್ಣು ನೋಡುವುದು, ವೀಸಾಕ್ಕೆ ಚೆನ್ನೈಗೋ ಮುಂಬಯಿಗೋ ಓಡುವುದು ಇಷ್ಟರಲ್ಲೇ ದಿನ ಮುಗಿಯುತ್ತದೆ.

ಪ್ರಶ್ನೆ: ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ನನ್ನ ಮಗನಿಗೆ ಕ್ರೂಸ್ ಹಡಗಿನಲ್ಲಿ ಸಹಾಯಕ ವೇಟರ್ ಕೆಲಸ ಸಿಗುವ ಹಾಗಿದೆ. ಟಿಪ್ಸ್ ಮೇಲೆ ನಡೆಯುವ ಕೆಲಸವೆಂದು ನೆಂಟರು ಹಗುರವಾಗಿ ಮಾತನಾಡುತ್ತಾರೆ. ಏಜೆಂಟರು ಎರಡು ಲಕ್ಷ ರೂಪಾಯಿ ಕೇಳಿದ್ದಾರೆ. ಕಳುಹಿಸಬಹುದೇ?
— ತಾಯಿಯೊಬ್ಬರು, ಮೂಲ್ಕಿ

ಉತ್ತರ: ಅಮ್ಮಾ, ಮೊದಲು ಎರಡು ಲಕ್ಷದ ಮಾತು. ಹಡಗಿನ ಕೆಲಸಕ್ಕೆ ಸೇರಿಸುವುದಕ್ಕಾಗಿ ನಾವಿಕರಿಂದ ಶುಲ್ಕ ಪಡೆಯುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. 2006ರ ಕಡಲ ಕಾರ್ಮಿಕ ಒಪ್ಪಂದದಲ್ಲಿ ಇದು ಸ್ಪಷ್ಟವಾಗಿದೆ, ಭಾರತ 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಪಾಸ್‌ಪೋರ್ಟು, ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಸೇವೆಯನ್ನು ದಾಖಲಿಸುವ ಸಿಡಿಸಿ ಪುಸ್ತಕ ಇವುಗಳ ಖರ್ಚು ನಿಮ್ಮದು, ಸುರಕ್ಷತಾ ತರಬೇತಿಯ ಫೀಸನ್ನು ತರಬೇತಿ ಸಂಸ್ಥೆಗೆ ಕಟ್ಟಿ ರಸೀದಿ ಪಡೆಯುತ್ತೀರಿ. ಅದನ್ನು ಬಿಟ್ಟು ‘ಕೆಲಸ ಮಾಡಿಸಿಕೊಡುವುದಕ್ಕೆ’ ಎಂದು ಹಣ ಕೇಳುವವರಿಗೆ ಕೊಡಬೇಡಿ. ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ಆ ನಿರ್ದೇಶನಾಲಯದ ಜಾಲತಾಣದಲ್ಲಿ ಮಗನೇ ನೋಡಿಕೊಳ್ಳಲಿ.

ಕಾಂಟ್ರಾಕ್ಟ್ ಕೈಗೆ ಬಂದಾಗ ಟಿಪ್ಸಿನ ವಿಚಾರದಲ್ಲಿ ಒಂದೇ ಪ್ರಶ್ನೆ ಕೇಳಬೇಕು: ತಿಂಗಳಿಗೆ ಖಾತ್ರಿಯಾಗಿ ಸಿಗುವ ಒಟ್ಟು ಮೊತ್ತ ಎಷ್ಟು, ಪ್ರಯಾಣಿಕರ ಟಿಪ್ಸ್ ಕಡಿಮೆ ಬಂದ ತಿಂಗಳಲ್ಲಿ ಆ ಕೊರತೆಯನ್ನು ಕಂಪೆನಿ ತುಂಬಿಕೊಡುತ್ತದೆಯೇ? ಇದಕ್ಕೆ ಬಾಯಿಮಾತಿನ ಉತ್ತರ ಬೇಡ, ಕಾಗದದಲ್ಲಿರಬೇಕು. ದುಡಿಮೆಯ ಹೊತ್ತಿಗೂ ಮಿತಿ ಇದೆ. ಅದೇ ಒಪ್ಪಂದದ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಅಂದರೆ ಉಳಿದ ಹೊತ್ತೆಲ್ಲ ಕೆಲಸವೇ ಆಗಬಹುದೆಂದು ತಿಳಿದೇ ಹೋಗಬೇಕು. ವಾರದ ರಜೆ ಎಂಬುದು ಹಡಗಿನಲ್ಲಿಲ್ಲ.

ಮರ್ಯಾದೆಯ ಮಾತಿಗೆ ಬಂದರೆ, ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಮಾಣಿಗಳಾಗಿ ಲೋಟ ತೊಳೆದು, ಬಡೆಸೋಪಿನ ತಟ್ಟೆಯಲ್ಲಿ ಉಳಿದ ಚಿಲ್ಲರೆಯನ್ನು ಕೂಡಿಸಿ ರಾತ್ರಿಶಾಲೆಯ ಫೀಸು ಕಟ್ಟಿದವರ ಜಿಲ್ಲೆ ನಮ್ಮದು. ಹಗುರವಾಗಿ ಮಾತನಾಡುವ ನೆಂಟರ ಮನೆಯಲ್ಲಿಯೂ ಅಂತಹ ಒಬ್ಬ ಅಜ್ಜನೋ ದೊಡ್ಡಪ್ಪನೋ ಇದ್ದಿರಬೇಕು. ಮಗನಿಗೆ ನಾನು ಹೇಳುವ ಕಿವಿಮಾತು ಬೇರೆ: ಬ್ಯಾಂಕಿಗೆ ಬೀಳುವ ಸಂಬಳ ಮನೆಗೆ ಬರುತ್ತದೆ, ಕೈಗೆ ಬರುವ ನಗದು ಬಂದರಿನ ಅಂಗಡಿಗಳಲ್ಲಿ ಕರಗಿಹೋಗುತ್ತದೆ. ನನ್ನ ಮೊದಲ ಕಾಂಟ್ರಾಕ್ಟಿನ ನಗದೆಲ್ಲ ಒಂದು ಕ್ಯಾಮೆರಾ, ಎರಡು ಜೊತೆ ಬೂಟು ಮತ್ತು ಲೆಕ್ಕವಿಲ್ಲದಷ್ಟು ಟೆಲಿಫೋನ್ ಕಾರ್ಡುಗಳಾಗಿ ಮುಗಿದಿತ್ತು.

ಪ್ರಶ್ನೆ: ನಾನು ಪಣಂಬೂರಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ನವ ಮಂಗಳೂರು ಬಂದರಿಗೆ ಬರುವ ಕ್ರೂಸ್ ಪ್ರವಾಸಿಗರನ್ನು ಕುದ್ರೋಳಿ, ಕದ್ರಿ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಹೀಗೆ ಸುತ್ತಿಸಿದರೂ ಕೆಲವರು ಟಿಪ್ಸ್ ಕೊಡದೆ ಇಳಿದುಹೋಗುತ್ತಾರೆ. ಹಡಗಿನಲ್ಲಿ ಅಷ್ಟು ಕೊಡುವವರು ಇಲ್ಲಿ ಯಾಕೆ ಕೊಡುವುದಿಲ್ಲ? ಕೇಳಬಹುದೇ?
— ಓದುಗರು, ಪಣಂಬೂರು

ಉತ್ತರ: ಹಡಗಿನಲ್ಲಿ ಅವರು ಕೊಡುವುದು ಹೆಚ್ಚಿನಂಶ ಖಾತೆಯಿಂದ ತಾನಾಗಿ ಹೋಗುವಂಥದ್ದು, ಜೇಬಿನಿಂದ ತೆಗೆಯುವುದಲ್ಲ. ಕೆಲವರ ಬಳಿ ನಮ್ಮ ರೂಪಾಯಿಯೇ ಇರುವುದಿಲ್ಲ. ಜರ್ಮನಿ, ಬ್ರಿಟನ್ ಕಡೆಯವರು ಮೊತ್ತವನ್ನು ಸ್ವಲ್ಪ ಮೇಲಕ್ಕೆ ಸರಿಹೊಂದಿಸಿ ಕೊಟ್ಟು ಮುಗಿಸುತ್ತಾರೆ. ಜಪಾನಿನವರಲ್ಲಿ ಟಿಪ್ಸ್ ಕೊಡುವ ವಾಡಿಕೆಯೇ ಇಲ್ಲ. ಬಾಯಿಬಿಟ್ಟು ಕೇಳಬೇಡಿ; ಕೇಳಿದ ಮರುಕ್ಷಣವೇ ದಿನದ ಒಳ್ಳೆಯ ನೆನಪು ಚೌಕಾಶಿಯಾಗಿ ಬದಲಾಗುತ್ತದೆ. ಅದರ ಬದಲು ಬಸದಿಯಲ್ಲಿ ಕಾಯುವ ಸಮಯ, ಪಾರ್ಕಿಂಗ್ ಎಲ್ಲವನ್ನೂ ಸೇರಿಸಿ ಹೊರಡುವ ಮೊದಲೇ ಒಂದು ಮೊತ್ತವನ್ನು ಕಾಗದದಲ್ಲಿ ಬರೆದು ತೋರಿಸಿದರೆ ಮತ್ತೆ ಮಾತಿಗೆ ಅವಕಾಶವಿರುವುದಿಲ್ಲ. ಹಡಗು ಹೊರಡುವುದಕ್ಕೆ ಸಾಕಷ್ಟು ಮೊದಲು ಗೇಟಿಗೆ ತಂದುಬಿಡುವ ಚಾಲಕನಿಗೆ ಅವರು ತಾವಾಗಿಯೇ ಕೈ ಬಿಚ್ಚುವುದನ್ನು ನಾನು ಬೇರೆ ಬಂದರುಗಳಲ್ಲಿ ನೋಡಿದ್ದೇನೆ. ತಡವಾದೀತೆಂಬ ಭಯ ಅವರಿಗೆ ದಿನವಿಡೀ ಇರುತ್ತದೆ.

ಪ್ರಶ್ನೆ: ಕೈಗೆ ಕೊಡುವ ಟಿಪ್ಸನ್ನು ರೂಪಾಯಿಯಲ್ಲಿ ಕೊಟ್ಟರೆ ಆಗುತ್ತದೆಯೇ? ಮನೆಯಲ್ಲಿ ಹಳೆಯ ಪ್ರವಾಸಗಳಿಂದ ಉಳಿದ ವಿದೇಶಿ ನಾಣ್ಯಗಳೂ ತುಂಬ ಇವೆ.
— ಓದುಗರು, ಮಣಿಪಾಲ

ಉತ್ತರ: ಭಾರತೀಯ ಸಿಬ್ಬಂದಿಗೆ ರೂಪಾಯಿ ಆಗುತ್ತದೆ, ಫಿಲಿಪೈನ್ಸ್, ಇಂಡೋನೇಷ್ಯದವರಿಗೆ ಅದರಿಂದ ಪ್ರಯೋಜನವಿಲ್ಲ. ಹೊರಡುವ ಮೊದಲು ಬ್ಯಾಂಕಿನಲ್ಲಿ ಐದು ಮತ್ತು ಹತ್ತು ಡಾಲರಿನ ನೋಟುಗಳನ್ನು ಕೇಳಿ ಪಡೆಯಿರಿ, ಹರಿದವು, ಗೀಚಿದವು ಬೇಡ. ನೂರರ ನೋಟನ್ನು ಹಡಗಿನಲ್ಲಿ ಚಿಲ್ಲರೆ ಮಾಡಿಸುವುದಾದರೆ ಕೊನೆಯ ಸಂಜೆಯ ತನಕ ಕಾಯಬೇಡಿ, ಆ ಹೊತ್ತಿಗೆ ಕೌಂಟರಿನಲ್ಲಿ ಸಣ್ಣ ನೋಟುಗಳು ಮುಗಿದಿರುತ್ತವೆ. ನಾಣ್ಯಗಳನ್ನು ಯಾವ ದೇಶದ ವಿನಿಮಯ ಅಂಗಡಿಯೂ ಸುಲಭವಾಗಿ ತೆಗೆದುಕೊಳ್ಳುವುದಿಲ್ಲ. ಅವನ್ನು ಮನೆಯಲ್ಲಿ ನಾಣ್ಯ ಸಂಗ್ರಹಿಸುವ ಮಕ್ಕಳಿದ್ದರೆ ಅವರಿಗೆ ಕೊಡಿ.